ಇಂಡಿಯಲ್ಲಿ ಒಣಗಿದ ದೋಣಿ

ಗುರಪ್ಪನ ಅಂಗಳಕ್ಕೆ ದೋಣಿ ಬಂದಿಳಿದ ದಿನ ಇಂಡಿಯ ಆ ಓಣಿಯ ನಲ್ಲಿಗೆ ನೀರು ಬಾರದೆ ಒಂಬತ್ತು ದಿನವಾಗಿತ್ತು. ಕೊಡಗಳನ್ನು ಸರತಿಗೆ ಹಚ್ಚಿ ಕೂತಿದ್ದ ಹೆಂಗಸರು, ಟೆಂಪೋದಿಂದ ಹಗ್ಗ ಕಟ್ಟಿ ಇಳಿಸುತ್ತಿದ್ದ ಹದಿನೈದು ಅಡಿ ಉದ್ದದ ಕಟ್ಟಿಗೆಯ ದೋಣಿಯನ್ನು ನೋಡಿ ಮೊದಲು ಕೊಡ ಬಿಟ್ಟು ಎದ್ದು ನಿಂತರು. ಆಮೇಲೆ ಎದುರು ಮನೆಯ ಹೊನ್ನವ್ವ ಕೇಳಿಯೇಬಿಟ್ಟಳು: "ಗುರಪ್ಪಣ್ಣಾರ, ಇದನ್ನ ಎಲ್ಲಿ ಬಿಡಾವ್ರು? ಗಟಾರದಾಗೇನು?"

"ಬೇಕಾಗ್ತೈತಿ" ಎಂದ ಗುರಪ್ಪ.

ಅರವತ್ತೇಳು ವರ್ಷದ ಗುರಪ್ಪ ಆರು ಎಕರೆ ಲಿಂಬೆ ತೋಟದ ಒಡೆಯ. ಬೇಡದ ಸಾಮಾನನ್ನು ಎಂದೂ ಮನೆಗೆ ತಂದವನಲ್ಲ. ಬೇಕಾದದ್ದನ್ನೂ ಎರಡು ವರ್ಷ ಯೋಚಿಸಿ ತರುವ ಮನುಷ್ಯ. ಅಂಥವನು ನಾಲತವಾಡದ ಗೆಳೆಯ ರಾವಸಾಬನ ಮಗಳ ಮದುವೆಗೆ ಹೋಗಿ, ಅಕ್ಷತೆಗೂ ಊಟಕ್ಕೂ ನಡುವೆ ಸಿಕ್ಕ ಪುರಸೊತ್ತಿನಲ್ಲಿ ಕೃಷ್ಣೆಯ ಹಿನ್ನೀರು ನೋಡಲು ಹೋದವನು, ದೋಣಿ ಕೊಂಡು ಬಂದಿದ್ದ. ಯಾಕೆಂದು ಹೆಂಡತಿ ಇಂದುಬಾಯಿ ನಾಲ್ಕು ದಿನ ಕೇಳಿದಳು. ಐದನೆಯ ದಿನ ಅದರೊಳಗೆ ಹಪ್ಪಳ ಒಣಹಾಕಿದಳು.

ಮಾರಿದವನು ಮಲಿಕಸಾಬ, ಮೂವತ್ತು ವರ್ಷ ಜನರನ್ನು ಆಚೆ ದಂಡೆಗೆ ದಾಟಿಸಿ ಭುಜ ಸೋತವನು. ದೋಣಿ ಕೊಡುವಾಗ ಒಂದೇ ಮಾತು ಹೇಳಿದ್ದ: "ಗೌಡ್ರ, ಇಷ್ಟು ವರ್ಷ ನನ್ನ ಮನಿ ನಡಿಸೇತ್ರಿ ಇದು. ಕಾಳಜಿಲೆ ನೋಡ್ಕೊಳ್ರಿ."

ಗುರಪ್ಪ ಕಾಳಜಿಯಿಂದಲೇ ನೋಡಿಕೊಂಡ. ಗೆದ್ದಲು ಹತ್ತಬಾರದೆಂದು ನಾಲ್ಕು ಕಲ್ಲುಗಳ ಮೇಲೆ ಎತ್ತಿ ಕೂರಿಸಿದ. ಮೋಡ ಕಂಡರೆ ಸಾಕು, ತಾಡಪತ್ರಿ ಹೊದಿಸಿದ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿದ. ಏಪ್ರಿಲ್‌ನಿಂದ ದಸರೆಯವರೆಗೆ ಅದಕ್ಕೆ ಒಂದು ಹನಿ ನೀರು ತಾಗಗೊಡಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳು ಸಾಕ್ಷಿ ಅದರ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲಿಂದಲೇ ಕೂಗಿದಳು:

"ಮುತ್ಯಾ, ದೋಣಿ ಸಂದ್ಯಾಗಿಂದ ಬಿಸಿಲು ಕಾಣಾಕತ್ತೇತಿ!"

"ಗಾಳಿ ಆಡಬೇಕಲ್ಲವಾ ಕಟ್ಟಿಗ್ಯಾಗ" ಎಂದ ಗುರಪ್ಪ, ಮೆಚ್ಚುಗೆಯಿಂದ.

ಹಪ್ಪಳ ತಿರುವಿ ಹಾಕುತ್ತಿದ್ದ ಇಂದುಬಾಯಿ ಬಗ್ಗಿ ಹಲಗೆಗಳನ್ನು ನೋಡಿದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿರುವುದು ಆ ಮನೆಯಲ್ಲಿ ಅಪರೂಪದ ಸಂಗತಿ. ಆದರೆ ಯಾರೂ ಗಮನಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಸೊಸೆ ವಿದ್ಯಾವತಿಗೆ ನೇಮಕಾತಿ ಪತ್ರ ಬಂತು.

ಮದುವೆಗೆ ಮೊದಲೇ ಶಿಕ್ಷಕಿಯ ತರಬೇತಿ ಮುಗಿಸಿದ್ದ ಅವಳು ಮೂರು ಸಲ ಪರೀಕ್ಷೆ ಬರೆದಿದ್ದಳು. ಎರಡು ಸಲ ಹೋಗಿತ್ತು. ಇದು ಮೂರನೆಯದು, ಕೊನೆಯದೂ ಹೌದು: ಬರುವ ವರ್ಷ ವಯಸ್ಸು ಮೀರುತ್ತಿತ್ತು. ಶಾಲೆ ಮುದ್ದೇಬಿಹಾಳ ತಾಲೂಕಿನ ಹೊಸ ಬಸರಿಗಟ್ಟಿಯಲ್ಲಿ. ನದಿ ಉಕ್ಕಿ ಹಳ್ಳದೊಳಕ್ಕೆ ಹೊಕ್ಕು ನಿಂತ ಹಿನ್ನೀರಿನ ಆಚೆ ದಂಡೆಯ, ಮುಳುಗಡೆಯಾದವರಿಗೆ ಕಟ್ಟಿಕೊಟ್ಟ ಊರು. ದಸರಾ ಸೂಟಿ ಮುಗಿದು ಶಾಲೆ ತೆರೆಯುವ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಸಹಿ ಬೀಳಬೇಕು. ಬೀಳದಿದ್ದರೆ ಜಾಗ ಪಟ್ಟಿಯ ಮುಂದಿನ ಹೆಸರಿಗೆ.

ಆ ಸಂಜೆ ರೊಟ್ಟಿ ಬಡಿಯುವಾಗಲೇ ಶುರುವಾಯಿತು.

"ಹತ್ತು ವರ್ಷ ಕೂಳು ಹಾಕಿದ ಮನಿ ಬಿಟ್ಟು ಹೊಂಟಾಳ ನೋಡ್ರಿ ಟೀಚರಬಾಯಿ" ಎಂದಳು ಇಂದುಬಾಯಿ, ಊಟಕ್ಕೆ ಕೂತವರಿಗೆ ಕೇಳುವಂತೆ.

"ಆ ಕೂಳು ಮಾಡಿದಾಕಿ ನಾನ ಅದೀನ್ರಿ ಅತ್ತಿ. ಹಾಕಿದವರು ಯಾರು?"

"ಮಾತು ನೋಡು! ಅಲ್ಲಿ ಒಬ್ಬಾಕಿ ಇರ್ತೀಯೇನು? ಮಂದಿ ಏನಂತಾರ?"

"ಆ ಊರಾಗ ಇರೋದ ಅರವತ್ತು ಮನಿ. ಅಂದ್ಕೊಳ್ಲಿ. ಲಗೂನ ಮುಗೀತೈತಿ."

"ಸಾಕ್ಷಿ?"

"ನನ್ನ ಕೂಡ ಬರ್ತಾಳ."

"ಒಂಬತ್ತು ವರ್ಷದ ಕೂಸು ನಿನಗ ಕಾವಲು! ಕೇಳ್ರಿ ಎಲ್ಲಾರೂ. ಮನಿ ಹಿರ್ಯಾರು ಯಾರರ ಒಬ್ಬರು ಸಂಗಾಟ ಇದ್ರ ಹೋಗಲಿ, ನನ್ನ ತಕರಾರಿಲ್ಲ. ನಾ ಅಂತೂ ಈ ಒಲಿ ಬಿಟ್ಟು ಏಳಾಕಿ ಅಲ್ಲ. ಇವರಿಗೆ ಲಿಂಬಿ ವಾಸನಿ ಇಲ್ಲಾಂದ್ರ ನಿದ್ದಿ ಹತ್ತೂದಿಲ್ಲ. ಮುಗೀತಲ್ಲ?"

"ಹೂಂ" ಎಂದ ಮಗ ಶ್ರೀಶೈಲ, ತಾಟಿನಿಂದ ತಲೆ ಎತ್ತದೆ.

"ಯಾರಿಗೆ ಹೂಂ?" ಅತ್ತೆ ಸೊಸೆ ಒಟ್ಟಿಗೇ ಕೇಳಿದರು. ಆ ತಿಂಗಳು ಅವರಿಬ್ಬರು ಒಂದಾಗಿ ಆಡಿದ ಮಾತು ಅದೊಂದೇ.

"ಪಲ್ಲೆಕ. ಪಲ್ಲೆ ಚಲೋ ಆಗೇತಿ."

ಮುಂದಿನ ಮೂರು ವಾರ ಆ ಮನೆಯಲ್ಲಿ ಎರಡು ಒಲೆ ಉರಿದವು. ವಿದ್ಯಾವತಿ ಗ್ಯಾಸಿನ ಮೇಲೆ ಅನ್ನ ಸಾರು ಮಾಡಿದರೆ ಇಂದುಬಾಯಿ ಹಿತ್ತಲಲ್ಲಿ ಕಟ್ಟಿಗೆ ಒಲೆ ಹೂಡಿ ತನಗೂ ಗಂಡನಿಗೂ ಕಡಲೆಹಿಟ್ಟಿನ ಜುಣಕ ಬೇಯಿಸಿದಳು. ಶ್ರೀಶೈಲ ಎರಡೂ ಕಡೆ ಉಂಡು ಎರಡು ಕಿಲೋ ತೂಕ ಏರಿಸಿಕೊಂಡ. ಮಾತುಗಳೆಲ್ಲ ಸಾಕ್ಷಿಯ ಮೂಲಕ ಓಡಾಡಿದವು. "ನಿಮ್ಮವ್ವಗ ಹೇಳು, ಹಿಟ್ಟಿನ ಡಬ್ಬಿ ಮುಚ್ಚಿಲ್ಲ ಅಂತ." "ನಿಮ್ಮ ಆಯಿಗೆ ಹೇಳು, ಕೊನೀಗೆ ತಗದವರು ಅವರ ಅಂತ." ಇಬ್ಬರೂ ಕೂತಿರುತ್ತಿದ್ದುದು ಒಂದೇ ಲಿಂಬೆಯ ರಾಶಿಯ ಎರಡು ಬದಿಗೆ, ಹಣ್ಣು ಆರಿಸುತ್ತ, ನಡುವಿನ ಅಂತರ ಮೂರು ಮೊಳ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮಳೆಗೆ ಹಳ್ಳದ ಸೇತುವೆ ಕಿತ್ತು ಹೋಗಿ ಹೊಸ ಬಸರಿಗಟ್ಟಿಗೆ ಬಸ್ಸು ನಿಂತಿದೆ. ಹೋಗುವವರು ನೀರಿನ ಮೇಲೆಯೇ ಹೋಗಬೇಕು.

"ಮುಗೀತಲ್ಲ" ಎಂದಳು ಇಂದುಬಾಯಿ, ಹಬ್ಬದ ದಿನದ ಮುಖ ಮಾಡಿ.

ಗುರಪ್ಪ ಕೈತೊಳೆದು, ಟವೆಲ್ಲಿಗೆ ಒರೆಸಿ, ಅಂಗಳಕ್ಕೆ ಹೋಗಿ ದೋಣಿಯ ಮೇಲಿನ ತಾಡಪತ್ರಿ ತೆಗೆದ. "ನಾ ಹೇಳಿದ್ದಿಲ್ಲ?" ಎಂದ. "ಬೇಕಾಗ್ತೈತಿ ಅಂತ."

ಅವನಿಗೆ ಸೊಸೆಯ ನೌಕರಿಯ ಬಗ್ಗೆ ಅಂಥ ಅಭಿಪ್ರಾಯವೇನೂ ಇರಲಿಲ್ಲ. ದೋಣಿಯ ಬಗ್ಗೆ ಇತ್ತು. ಆರು ತಿಂಗಳು ಓಣಿಯ ನಗೆ ಕೇಳಿದ ಮನುಷ್ಯ ಒಂದೇ ಗುಕ್ಕಿನಲ್ಲಿ ಸೂಟಿಯ ಪ್ರವಾಸವನ್ನು ಘೋಷಿಸಿದ: ಶುಕ್ರವಾರ ಹೊರಡುವುದು, ದಾರಿಯಲ್ಲಿ ಆಲಮಟ್ಟಿಯ ಗಾರ್ಡನ್ನು ನೋಡುವುದು, ನೀರಿನ ದಂಡೆಗಿರುವ ರಾವಸಾಬನ ಹೊಲದ ಪತ್ರಾಸ್ ತಗಡಿನ ಮನೆಯಲ್ಲಿ ನಾಲ್ಕು ದಿನ ಇರುವುದು, ಭಾನುವಾರ ವಿದ್ಯಾವತಿಯನ್ನು ದಾಟಿಸಿ ಬಿಡುವುದು. "ಆಮ್ಯಾಲ ಇರೋದು ಬಿಡೋದು ಕೂತು ಮಾತಾಡೂಣು. ಮೊದಲು ಸಹಿ ಅರ ಆಗಲಿ."

"ನಾನೂ ಬರ್ತೇನಿ" ಎಂದಳು ಇಂದುಬಾಯಿ.

ಎಲ್ಲರೂ ಅವಳನ್ನು ನೋಡಿದರು.

"ಯಾಕ? ಸೂಟಿ ನಿಮಗಷ್ಟ ಅದಾವೇನು?"

ಶ್ರೀಶೈಲ ತೋಟದ ಬಾವಿಗೆ ಕರೆಂಟು ಬಂದಾಗಿನಿಂದ ಸುಮ್ಮನೆ ಬಿದ್ದಿದ್ದ, ನೀರೆತ್ತುವ ಡೀಸೆಲ್ ಎಂಜಿನ್ನನ್ನು ಒರೆಸಿ, ಎಣ್ಣೆ ಹಾಕಿ, ದೋಣಿಯ ಹಿಂಭಾಗಕ್ಕೆ ಬೋಲ್ಟು ಬಿಗಿದ. ಉದ್ದನೆಯ ಸರಳಿನ ತುದಿಗೆ ಪಂಖ ಕೂಡಿಸಿದ. ಒಣಕಟ್ಟಿಗೆ ಬೋಲ್ಟಿಗೆ ಕಿರ್ ಎಂದಿತು. ಅದನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಟೆಂಪೋದ ಮೇಲೆ ದೋಣಿಯನ್ನು ಬೋರಲು ಹಾಕಿ ಕಟ್ಟಿದರು. ಸಂಸಾರ ಅದರ ಕೆಳಗೆ ಕೂತಿತು. ಡ್ರೈವರ್ ಬಾಬುಲಾಲ ಹಳ್ಳಕೊಳ್ಳ ನೋಡದೆ ಓಡಿಸುವವನು. ಬಸವನ ಬಾಗೇವಾಡಿಯಲ್ಲಿ ಮಿರ್ಚಿಭಜಿ ಕೊಂಡರು, ಎರಡು ಬೇರೆ ಬೇರೆ ಪೊಟ್ಟಣ. ಆಲಮಟ್ಟಿಯಲ್ಲಿ ಗಾರ್ಡನ್ನಿನ ಗೇಟಿನ ಮುಂದೆ ಹತ್ತು ನಿಮಿಷ ನಿಂತರು. ಅತ್ತೆ ಇಳಿಯಲಿಲ್ಲವೆಂದು ಸೊಸೆ ಇಳಿಯಲಿಲ್ಲ. ಸೊಸೆ ಇಳಿಯಲಿಲ್ಲವೆಂದು ಅತ್ತೆ ಇಳಿಯಲಿಲ್ಲ. ಗುರಪ್ಪ ಕೆಳಗಿಳಿದು, ಗೇಟನ್ನು ನೋಡಿ, "ಚಲೋ ಐತಿ" ಎಂದು ಹತ್ತಿದ. ಪ್ರವಾಸದ ಆ ಭಾಗ ಅಲ್ಲಿಗೆ ಮುಗಿಯಿತು.

ಸಂಜೆಯ ಮೊದಲು ದಂಡೆ ಮುಟ್ಟಿದರು. ಬಾಬುಲಾಲ ಸಾಮಾನು ಇಳಿಸಿ, ಮಂಗಳವಾರ ಬರುವೆನೆಂದು ಲಿಂಬೆಯ ಲೋಡಿಗೆ ತಿರುಗಿ ಹೋದ. ಮಲಿಕಸಾಬನ ಗುಡಿಸಲಿಗೆ ಬೀಗ. ಮಗಳು ಸೈದಾಬಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ತಾಳಿಕೋಟಿಗೆ ಹೋಗಿದ್ದಾನೆ, ಭಾನುವಾರ ಬರುತ್ತಾನೆ ಎಂದು ರಾವಸಾಬನ ಹೊಲದವರು ಹೇಳಿದರು.

"ಅಂವ ಯಾಕ ಬೇಕು? ದೋಣಿ ನಮ್ಮದು" ಎಂದ ಗುರಪ್ಪ.

ದೋಣಿಗೆ ವಿಭೂತಿ ಹಚ್ಚಿ, ತಮ್ಮದೇ ತೋಟದ ಐದು ಲಿಂಬೆ ಕೊಯ್ದು ನಿವಾಳಿಸಿ, ಕಾಯಿ ಒಡೆದು, ನೀರಿಗೆ ತಳ್ಳಿದರು. ದೋಣಿ ತೇಲಿತು. ಸಾಕ್ಷಿ ಚಪ್ಪಾಳೆ ತಟ್ಟಿದಳು. ಅವಳ ಚಪ್ಪಾಳೆ ಮುಗಿಯುವ ಮೊದಲೇ ಎಲ್ಲ ಹಲಗೆಗಳ ಸಂದಿನಿಂದ ಒಂದೇ ಸಮನೆ ನೀರು ಏಳತೊಡಗಿತು. ಒಂದು ತೂತಾದರೆ ಬೆರಳಿಡಬಹುದು, ಇದು ಜರಡಿ. ನೋಡನೋಡುತ್ತಿದ್ದಂತೆ ಶ್ರೀಶೈಲನ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತು.

"ಭಾಳ ದಿನಕ್ಕ ನೀರು ಕಂಡೇತಿ. ಹೊಂದಿಕೋಬೇಕದು" ಎಂದ ಗುರಪ್ಪ. ತನಗರಿವಿಲ್ಲದೆಯೇ ಅವನು ಆ ದಿನ ಆಡಿದ ಒಂದೇ ಸರಿಯಾದ ಮಾತು ಅದು.

"ಹೊಂದಿಕೊಳ್ಳೂದ್ರಾಗ ತಳಕ್ಕ ಹೋಗ್ತೈತಪಾ. ಮ್ಯಾಲ ಜಗ್ಗೂಣು" ಎಂದ ಶ್ರೀಶೈಲ.

ಜಗ್ಗಿದರು. ಮರುದಿನ ಬೆಳಿಗ್ಗೆ ಶ್ರೀಶೈಲ ನಾಲತವಾಡಕ್ಕೆ ನಡೆದು ಹೋಗಿ ಡಾಂಬರು, ಹಳೆ ಅರಳೆ ತಂದ. ಪತ್ರಾಸ್ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಇಂದುಬಾಯಿ ಅಲ್ಲಿಂದಲೇ ಹೇಳಿದಳು: "ಹಸಿ ಕಟ್ಟಿಗಿಗೆ ಡಾಂಬರ ಹಿಡಿಯೂದಿಲ್ಲ. ಚಂದಾಗಿ ಒಣಗಿಸಿ ಹಚ್ಚ್ರಿ. ಬಿಸಿಲಿಗೆ ತಿರುವಿ ಇಡ್ರಿ."

ವಿದ್ಯಾವತಿ ಅನುಮಾನದಿಂದ ನೋಡಿದಳು. ಅತ್ತೆ ತನ್ನ ಪ್ರಯಾಣಕ್ಕೆ ಅನುಕೂಲವಾಗುವ ಸಲಹೆ ಕೊಡುತ್ತಿದ್ದಾಳೆ! ಆದರೆ ಸಲಹೆಯಲ್ಲಿ ತಪ್ಪೇನೂ ಕಾಣಲಿಲ್ಲ. ತಾನೇ ಕೈಕೊಟ್ಟು ತಿರುವಿದಳು. ದೋಣಿ ಮಧ್ಯಾಹ್ನದವರೆಗೆ ಒಣಗಿತು, ಆಮೇಲೆ ಸಂದಿಗೆಲ್ಲ ಡಾಂಬರು ಬಿತ್ತು.

ಅದೇ ಶನಿವಾರ ಇಳಿಹೊತ್ತಿಗೆ ಊಟ ಕಟ್ಟಿಕೊಂಡು ಐದೂ ಜನ ಹತ್ತಿದರು. ನೀರಿನ ಮೇಲೆ ಕೂತು ಉಣ್ಣುವುದು ಗುರಪ್ಪನ ಪ್ರವಾಸದ ಮುಖ್ಯ ಅಂಶ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಇಂದುಬಾಯಿಯ ಹಿತ್ತಾಳೆ ಬೋಗುಣಿಯಲ್ಲಿ ಪುಂಡಿಪಲ್ಲೆ. ಆ ಬೋಗುಣಿ ಅವಳ ತವರಿನದು. ಕಂಠದ ಸುತ್ತ ಅವಳ ಅಪ್ಪನ ಹೆಸರು ಕೊರೆಸಿತ್ತು. ವಿದ್ಯಾವತಿಯ ಟ್ರಂಕೂ ಹತ್ತಿತು, ಇವತ್ತೇ ದಾಟಿದರೆ ನಾಳೆಯ ಚಿಂತೆ ಇಲ್ಲವೆಂದು.

ಎಂಜಿನ್ನು ಎರಡನೆಯ ತಿರುವಿಗೇ ಹತ್ತಿತು. ದೋಣಿ ಬಾವಿಯ ಸಪ್ಪಳ ಮಾಡುತ್ತ ಹೊರಟಿತು. ಒಂದು ಫರ್ಲಾಂಗು ಹೋಗುವುದರಲ್ಲಿ ಎಂಜಿನ್ನಿನ ನಡುಕಕ್ಕೆ ಡಾಂಬರು ಕಿತ್ತು ಎದ್ದಿತು. ನೀರು ತಳದಲ್ಲಿ ಏರಿ ಎಂಜಿನ್ನಿನ ಗಾಲಿಯ ಮಟ್ಟ ಮುಟ್ಟಿದ ಕೂಡಲೇ, ಆ ಗಾಲಿ ತಾನು ಹುಟ್ಟಿದ ಕೆಲಸವನ್ನು ನೆನಪಿಸಿಕೊಂಡಂತೆ, ನೀರನ್ನು ಎತ್ತಿ ಎತ್ತಿ ಎಲ್ಲರ ಮೇಲೆ ಚೆಲ್ಲಿತು. ರೊಟ್ಟಿ ತೊಯ್ದವು. ಗುರಪ್ಪನ ತಲೆಯ ಪಟಗ ತೊಯ್ದಿತು. ಆಮೇಲೆ ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

"ಬಗ್ಗಿ ನೀರು ಹಾಕ್ರಿ ಹೊರಗ!" ಎಂದು ಕೂಗಿದ ಶ್ರೀಶೈಲ.

"ಯಾತರಲೆ?" ಎಂದ ಗುರಪ್ಪ.

ವಿದ್ಯಾವತಿ ಯಾರನ್ನೂ ಕೇಳಲಿಲ್ಲ. ಬೋಗುಣಿಯನ್ನು ಎತ್ತಿ, ಪುಂಡಿಪಲ್ಲೆಯನ್ನು ಕೃಷ್ಣೆಗೆ ಬಗ್ಗಿಸಿ, ನೀರು ಮೊಗೆಯತೊಡಗಿದಳು.

"ಏ! ನಮ್ಮಪ್ಪನ ಹೆಸರೈತಿ ಅದರ ಮ್ಯಾಲ!"

"ಹೆಸರು ಕೊರದಿದ್ದೈತ್ರಿ, ನೀರಿಗೆ ಹೋಗೂದಿಲ್ಲ. ನೀವು ಕಾಲು ತಗೀರಿ."

"ದೋಣಿ ಅಂಚಿಗೆ ಬಡೀಬ್ಯಾಡ, ತಗ್ಗು ಬೀಳ್ತೈತಿ! ಅಯ್ಯ, ಬಡದ್ಲು ನೋಡ್ರಿ!"

"ಮುಳುಗಿದ್ರ ತಗ್ಗು ಎಣಿಸಾಕ ಯಾರೂ ಉಳಿಯೂದಿಲ್ಲ."

ಗುರಪ್ಪ, ಶ್ರೀಶೈಲ ಬಿದಿರಿನ ಗಳ ಹಾಕಿ, ಉಳಿದವರು ಮೊಗೆದು, ಬಂದ ದಂಡೆಗೇ ಮರಳಿ ಬಂದರು. ಟ್ರಂಕಿನೊಳಗಿನ ಸೀರೆಗಳನ್ನು ಜಾಲಿಯ ಮೇಲೆ ಹರವುತ್ತ ವಿದ್ಯಾವತಿ ಗಂಡನ ಕಡೆ ತಿರುಗಿದಳು. ನೇಮಕಾತಿ ಪತ್ರ ಪ್ಲಾಸ್ಟಿಕ್ ಚೀಲದಲ್ಲಿ ಅವಳ ಕುಪ್ಪಸದೊಳಗಿತ್ತು, ಅದೊಂದೇ ತೊಯ್ದಿರಲಿಲ್ಲ.

"ನಿಜ ಹೇಳ್ರಿ. ನಾ ಹೋಗೂದು ನಿಮಗ ಮನಸಿಲ್ಲ. ಹೌದಲ್ಲ?"

"ನಾ ಏನ್ ಮಾಡೇನಿ? ಎಂಜಿನ್ ಹಚ್ಚೇನಿ, ಡಾಂಬರ ಹಚ್ಚೇನಿ."

"ಡಾಂಬರ ಹಚ್ಚೀರಿ, ಬಾಯಿ ತಗದು ನಿಮ್ಮವ್ವಗ ಒಂದು ಮಾತು ಅಂದಿಲ್ಲ. ಸೋಮವಾರ ದಾಟಿದ್ರ ನನಗ ಇನ್ನೊಂದು ವರ್ಷ ಇಲ್ಲ, ಗೊತ್ತೈತಿಲ್ಲ? ಇದ್ದಷ್ಟು ದಿನ ಲಿಂಬಿ ಆರಸಬೇಕು."

"ಲಿಂಬಿ ಆರಸೂದು ಏನು ಕೆಟ್ಟ ಕೆಲಸ ಅಲ್ಲ" ಎಂದ ಗುರಪ್ಪ, ಪಟಗ ಹಿಂಡುತ್ತ.

"ಹಂಗಾರ ನೀವು ಆರಸ್ರಿ ಮಾವಾರ."

ಗುರಪ್ಪ ಪಟಗವನ್ನು ಇನ್ನೊಮ್ಮೆ ಹಿಂಡಿದ. ಆ ಮನೆಯಲ್ಲಿ ಅವನಿಗೆ ಹಾಗೆ ಯಾರೂ ಅಂದಿರಲಿಲ್ಲ. ಇಂದುಬಾಯಿ ಬೋಗುಣಿಯನ್ನು ಬಿಸಿಲಿಗೆ ಹಿಡಿದು ತಗ್ಗು ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಶ್ರೀಶೈಲ, ಬೈಸಿಕೊಂಡ ಉಮೇದಿನಲ್ಲಿ, ಮಲಿಕಸಾಬನ ಗುಡಿಸಲಿನ ಹಿಂದೆ ಬೋರಲಾಗಿದ್ದ ಮೀನಿನ ಹರಿಗೋಲನ್ನು ನೀರಿಗಿಳಿಸಿದ. ದೊಡ್ಡ ಬುಟ್ಟಿಯಂಥದ್ದು, ಹೊರಗೆ ಪ್ಲಾಸ್ಟಿಕ್ಕು ಹೊದಿಸಿದ್ದು. ಅದು ಸೋರಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಅರ್ಧ ತಾಸು ಇದ್ದಲ್ಲಿಯೇ ಗಿರಗಿರ ತಿರುಗಿತು. ಸಾಕ್ಷಿ ದಂಡೆಯ ಮೇಲೆ ನಿಂತು ಸುತ್ತು ಎಣಿಸಿದಳು. ನಲವತ್ತೊಂದಕ್ಕೆ ಅವಳಪ್ಪ ವಾಂತಿ ಮಾಡಿಕೊಂಡ.

ಮಧ್ಯಾಹ್ನದ ಮೇಲೆ ಮಲಿಕಸಾಬ ಬಂದ. ತೊಟ್ಟಿಲಿನ ಮನೆಯ ಸಿಹಿಯ ಪೊಟ್ಟಣವನ್ನು ಸಾಕ್ಷಿಯ ಕೈಗಿಟ್ಟು, ದಂಡೆಯ ಮೇಲೆ ಹೊಟ್ಟೆ ಮೇಲಾಗಿ ಬಿಸಿಲು ಕಾಯುತ್ತಿದ್ದ ತನ್ನ ಹಳೆಯ ದೋಣಿಯ ಮುಂದೆ ನಿಂತ. ಹಲಗೆಯ ಸಂದಿನಲ್ಲಿ ಉಗುರು ಹಾಕಿದ. ಉಗುರು ಪೂರಾ ಒಳಗೆ ಹೋಯಿತು.

"ಗೌಡ್ರ, ಇದನ್ನ ಎಲ್ಲಿ ಇಟ್ಟಿದ್ರಿ?"

"ಮನಿ ಮುಂದ. ಕಲ್ಲಿನ ಮ್ಯಾಲ. ಒಂದು ಹನಿ ನೀರು ತಾಗಿಸಿಲ್ಲ ನೋಡು" ಎಂದ ಗುರಪ್ಪ. ಹೊಗಳಿಕೆಯನ್ನು ನಿರೀಕ್ಷಿಸಿ ನಿಂತ.

ಮಲಿಕಸಾಬ ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ನೋಡ್ಕೊಳ್ರಿ ಅಂದಿದ್ದೆ ಖರೆ. ನೀರಿನಾಗಿಂದು ಒಣಾ ಇಡ್ರಿ ಅಂದಿದ್ದಿಲ್ರಿ ಗೌಡ್ರ. ನೀರಾಗಿದ್ರ ಕಟ್ಟಿಗಿ ಉಬ್ಬಿ ಬಿಗಿ ಇರ್ತೈತಿ. ಒಣಗಿದ್ರ ಸ್ವರಗಿ ಸಂದು ಬಿಡ್ತೈತಿ. ಇದಕ ಡಾಂಬರ ಯಾತಕ್ರಿ? ಕಲ್ಲು ಹೇರಿ ಮುಳುಗಿಸಿ ಬಿಡ್ರಿ. ಮೂರು ದಿನಕ್ಕ ತಾನ ಕೂಡ್ತೈತಿ."

"ಮುಳುಗಿಸೂದಾ?"

"ನಿಮ್ಮ ಕಡೆ ಬಂಡಿ ಗಾಲಿ ಸಡಲಾದ್ರ ಏನು ಮಾಡ್ತಿದ್ರಿ?"

ಗುರಪ್ಪನಿಗೆ ತಟ್ಟನೆ ನೆನಪಾಯಿತು. ಮನೆಯಲ್ಲಿ ಬಂಡಿ ಇದ್ದಷ್ಟು ವರ್ಷ, ಪ್ರತಿ ಬೇಸಿಗೆ, ಗಾಲಿಗಳನ್ನು ಬಿಚ್ಚಿ ಹಳ್ಳದ ಮಡುವಿನಲ್ಲಿ ಕೆಡವಿ ಎರಡು ದಿನ ನೆನೆಸುತ್ತಿದ್ದರು. ಅದನ್ನು ಅವನು ಎಂದೂ ತಾನಾಗಿ ಮಾಡಿದವನಲ್ಲ. ಪ್ರತಿ ಸಲವೂ ಒಬ್ಬರು ನೆನಪು ಮಾಡಬೇಕಿತ್ತು; ಸಪ್ಪಳ ಕೇಳಿಯೇ 'ಗಾಲಿ ಒಣಗ್ಯಾವ, ನೀರಿಗೆ ಹಾಕ್ರಿ' ಎಂದು ಒಳಗಿನಿಂದ ಕೂಗಬೇಕಿತ್ತು. ಅವನು ನಿಧಾನವಾಗಿ ತಿರುಗಿ ಕಟ್ಟೆಯ ಕಡೆ ನೋಡಿದ. ಶ್ರೀಶೈಲನೂ ನೋಡಿದ. ವಿದ್ಯಾವತಿ ಆಗಲೇ ನೋಡುತ್ತಿದ್ದಳು.

ಇಂದುಬಾಯಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿಮಗ ಗೊತ್ತಿತ್ತು" ಎಂದಳು ವಿದ್ಯಾವತಿ. ನೀರಿನ ಮೇಲಿನ ಕೂಗಾಟ ಬಿಟ್ಟರೆ ಮೂರು ವಾರದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಮೆಲುವಾಗಿಯೇ ಬಂತು. "ಒಣಗಿಸ್ರಿ ಅಂದ್ರಿ. ತಿರುವಿ ಇಡ್ರಿ ಅಂದ್ರಿ. ನನ್ನ ಕೈಲೇ ತಿರುವಿಸಿದ್ರಿ."

"ಗೊತ್ತಿತ್ತು. ಬ್ಯಾಸಗ್ಯಾಗ ಹಪ್ಪಳ ಹಾಕುಮುಂದ ಗೊತ್ತಾಗಿತ್ತು. ಏನೀಗ?"

"ಅವ್ವ, ನಾವು ನಡು ನೀರಾಗಿದ್ವಿ! ಕೂಸು ಇತ್ತು!" ಎಂದ ಶ್ರೀಶೈಲ. ಅವನು ದನಿ ಎತ್ತಿದ್ದು ಕಂಡು ಅವನಿಗೇ ಗಾಬರಿಯಾದಂತಿತ್ತು.

"ಅದಕ್ಕ ನಾನೂ ಹತ್ತಿದ್ನಿ. ಮುಳುಗಿದ್ರ ನಾನೂ ಮುಳುಗ್ತಿದ್ನಿ. ಮೊದಲ ಹೇಳಿದ್ರ ಏನಾಗ್ತಿತ್ತು? ಈಕಿ ಚಂದಾಗಿ ದಾಟಿ ಹೋಗ್ತಿದ್ಲು. ನಾ ಒಬ್ಬಾಕಿ ಆ ಮನ್ಯಾಗ ನಿಮ್ಮಿಬ್ಬರಿಗೆ ಬೇಯಿಸಿ ಹಾಕ್ಕೋತ ಸಾಯಬೇಕು. ನನಗೂ ಅರವತ್ತಾತು. ನನ್ನ ಮೊಣಕಾಲಿಗೆ ಯಾರರ ನೌಕರಿ ಕೊಡ್ತಾರೇನು?"

"ಮೊಣಕಾಲು ನೋಯ್ತೈತಿ ಅಂತ ಹೇಳೂದ ಬಿಟ್ಟು ದೋಣಿ ಒಣಗಿಸಿದ್ರಿ?"

"ಹೇಳಿದ್ರ ಕೇಳ್ತಿದ್ದೇನು?"

"ಇಲ್ಲ" ಎಂದಳು ವಿದ್ಯಾವತಿ. "ಈಗೂ ಕೇಳೂದಿಲ್ಲ. ಮಲಿಕಣ್ಣ, ನಿಮ್ಮ ಹರಗೋಲ ಆಚೆ ಹೋಗ್ತೈತೇನು?"

"ಈಗ ಗಾಳಿ ಐತ್ರಿ ಅಕ್ಕಾರ. ಮುಂಜಾನಿ ಗಾಳಿ ಏಳೂದ್ರೊಳಗ ಹೋಗೂಣು. ಇಬ್ಬರಿಗಷ್ಟ ಜಾಗ. ಟ್ರಂಕ್ ಬ್ಯಾಡ."

ಆ ರಾತ್ರಿಯ ಊಟಕ್ಕೆ ಇಂದುಬಾಯಿ ನಾಲ್ಕು ಜನಕ್ಕೆ ರೊಟ್ಟಿ ಮಾಡಿದಳು. ವಿದ್ಯಾವತಿ ತನ್ನದೊಂದನ್ನು ತಾನೇ ಬಡಿದುಕೊಂಡಳು, ಒಂದು ಬದಿ ಹೊತ್ತಿತು, ಉಂಡಳು.

ಸೋಮವಾರ ಮುಂಜಾನೆ ಮಲಿಕಸಾಬನ ಕೈಯಲ್ಲಿ ಹರಿಗೋಲು ಶ್ರೀಶೈಲನಿಗೆ ತೋರಿಸಿದ ಹಟವನ್ನು ತೋರಿಸಲಿಲ್ಲ. ಪ್ರಾರ್ಥನೆಯ ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿರುವಾಗ, ಮೊಣಕಾಲಿನವರೆಗೆ ರಾಡಿ ಮಾಡಿಕೊಂಡ ಹೊಸ ಶಿಕ್ಷಕಿ ಹೊಸ ಬಸರಿಗಟ್ಟಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದಳು. ಸಂಜೆ ಮರಳಿ ಬಂದಳು. ಸಾಕ್ಷಿ ಮಾತ್ರ ಕೇಳಿದಳು: "ಅವ್ವಾ, ಸಾಲ್ಯಾಗ ಎಷ್ಟು ಮಂದಿ ಅದಾರ?"

"ಮೂವತ್ತೆಂಟು. ನಿನ್ನ ಹೆಸರು ಬರಸಿದ್ರ ಮೂವತ್ತೊಂಬತ್ತು."

ಮಂಗಳವಾರ ಬಾಬುಲಾಲ ಟೆಂಪೋ ತಂದ. ದೋಣಿ ಕಲ್ಲು ಹೊತ್ತು ನೀರಿನೊಳಗಿತ್ತು. ಎರಡು ಕೊಂಬಿನಂತೆ ತುದಿಗಳಷ್ಟೇ ಕಾಣುತ್ತಿದ್ದವು. ಎಂಜಿನ್ನನ್ನು ಟೆಂಪೋಗೆ ಹಾಕಿದರು. ವಿದ್ಯಾವತಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಗುರಪ್ಪ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಆ ಕೊಂಬುಗಳನ್ನೇ ನೋಡುತ್ತಿದ್ದ.

"ನಾಳೆ ಎತ್ತಿದ್ರ ಇಂಡಿಗೆ ಒಯ್ಯಬಹುದೇನು?" ಎಂದು ಮಲಿಕಸಾಬನನ್ನು ಕೇಳಿದ.

"ಒಯ್ರಿ. ತಿಂಗಳಿಗೆ ಮತ್ತ ಜರಡಿ ಆಗ್ತೈತಿ. ಇದು ನೀರಾಗ ಇರಬೇಕ್ರಿ ಗೌಡ್ರ, ದಿನಾ ನಡೀಬೇಕು. ಇಲ್ಲಾ, ಕಡಿದು ಒಲಿಗೆ ಹಾಕ್ರಿ."

ಗುರಪ್ಪ ಎದ್ದ. ಟೆಂಪೋದಿಂದ ತನ್ನ ಹಾಸಿಗೆಯ ಸುರುಳಿ ಮತ್ತು ಕೊಡೆ ಇಳಿಸಿಕೊಂಡ.

"ಏನ್ರಿ ಇದು?" ಎಂದಳು ಇಂದುಬಾಯಿ.

"ನಾ ಇಲ್ಲೇ ಇರ್ತೇನಿ. ದೋಣಿ ಬಿಟ್ಟು ಹೆಂಗ ಬರಲಿ? ಮುಂಜಾನಿ ಆಕೀನ್ನ ಬಿಡೂದು, ಸಂಜೀಕ ಕರಕೊಂಡು ಬರೂದು. ದೋಣಿಗೂ ಚಲೋ."

"ಲಿಂಬಿ?"

"ಶ್ರೀಶೈಲ ಅದಾನಲ್ಲ. ಡಾಂಬರ ಹಚ್ಚಾಕ ಬರ್ತೈತಿ, ಲಿಂಬಿ ಹರಿಯಾಕ ಬರೂದಿಲ್ಲೇನು?"

"ಮತ್ತ ನಾ?"

ಗುರಪ್ಪ ಸ್ವಲ್ಪ ಯೋಚಿಸಿದ. ಯೋಚಿಸಿ ಉತ್ತರ ಕೊಡುವುದು ಅವನ ಹಳೆಯ ರೂಢಿ. "ಹಿರ್ಯಾರು ಯಾರರ ಒಬ್ಬರು ಸಂಗಾಟ ಇದ್ರ ಹೋಗಲಿ, ತಕರಾರಿಲ್ಲ ಅಂದಾಕಿ ನೀನ ಅಲ್ಲಾ?"

ಇಂದುಬಾಯಿ ಬಾಬುಲಾಲನ ಪಕ್ಕದ ಸೀಟಿಗೆ ಹತ್ತಿ ಬಾಗಿಲನ್ನು ಎಷ್ಟು ಜೋರಾಗಿ ಎಳೆದಳೆಂದರೆ ಅದು ಮತ್ತೆ ಮುದ್ದೇಬಿಹಾಳದಲ್ಲಿ ಮಾತ್ರ ತೆರೆಯಿತು, ಅದೂ ಹೊರಗಿನಿಂದ. ಇಂಡಿ ಮುಟ್ಟಿದ ಮೇಲೆ ಅವಳಿಗೆ ನೆನಪಾಯಿತು: ಬೋಗುಣಿ ಅಲ್ಲಿಯೇ ಉಳಿದಿದೆ.

ಅಂಗಳದಲ್ಲಿ ನಾಲ್ಕು ಕಲ್ಲುಗಳಿದ್ದವು. ಮೊದಲ ವಾರ ಇಂದುಬಾಯಿ ರೂಢಿಯಂತೆ ಅಡಿಗೆ ಮಾಡಿದಳು, ಇಬ್ಬರಿಗೆ ಹೆಚ್ಚಾಯಿತು. ಎರಡನೆಯ ವಾರ ಕಡಿಮೆ ಮಾಡಿದಳು, ಶ್ರೀಶೈಲ ಹೊಟೇಲಿನಲ್ಲಿ ತಿಂದು ಬಂದ. ಲಿಂಬೆಯ ರಾಶಿಗೆ ಕೂಲಿಯ ಹೆಂಗಸರು ಬಂದರು. ಅವರು ಚೆನ್ನಾಗಿ ಆರಿಸುತ್ತಿದ್ದರು, ಆದರೆ ಒಂದು ಮಾತು ಅಂದರೆ ತಿರುಗಿ ಅನ್ನುತ್ತಿರಲಿಲ್ಲ. "ಹೌದ್ರಿ ಬಾಯಾರ" ಎಂದು ಸುಮ್ಮನಾಗುತ್ತಿದ್ದರು. ಹೊನ್ನವ್ವ ದಿನಕ್ಕೊಮ್ಮೆ ಬಂದು ನಿಮ್ಮ ಯಜಮಾನರು ಯಾವಾಗ ಬರುತ್ತಾರೆಂದು ಕೇಳಿ ಹೋಗುತ್ತಿದ್ದಳು. ಮೂರನೆಯ ವಾರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಗುರಪ್ಪನ ಚೀಟಿ ಬಂತು. ಶ್ರೀಶೈಲ ಓದಿದ: "ದೋಣಿ ಸೋರೂದಿಲ್ಲ. ಉಪ್ಪಿನಕಾಯಿ ತೀರೇತಿ."

"ಮತ್ತೇನು ಬರದಾರ?"

"ಇಷ್ಟ."

"ಟೆಂಪೋ ಆ ಕಡೆ ಯಾವಾಗ ಹೊಂಟೈತಿ?"

"ಯಾಕವ್ವ, ಉಪ್ಪಿನಕಾಯಿ ಕಳಸಬೇಕಾ?"

"ನನ್ನ ಬೋಗಾಣಿ ತರಬೇಕು. ಅವತ್ತಿಂದ ಅವತ್ತ ತಿರುಗಿ ಬರ್ತೇನಿ."

ಶನಿವಾರ, ಶಾಲೆ ಅರ್ಧ ದಿನಕ್ಕೇ ಬಿಡುವ ಹೊತ್ತಿಗೆ, ಬಾಬುಲಾಲ ಅವಳನ್ನು ದಂಡೆಯ ಹತ್ತಿರ ಇಳಿಸಿದ. ಆಚೆಯಿಂದ ದೋಣಿ ಬರುತ್ತಿತ್ತು. ಗುರಪ್ಪ ಗಳ ಹಾಕುತ್ತಿದ್ದ. ಮೈ ಕಪ್ಪಾಗಿ ಸಣ್ಣಗಾಗಿದ್ದ. ಸಾಕ್ಷಿ ಪಾಟಿಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. ವಿದ್ಯಾವತಿಯ ಕಾಲ ಬಳಿ ಬೋಗುಣಿ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಕ್ಕೆ ಬಿಸಿಲಿಗೆ ಹೊಳೆಯುತ್ತಿತ್ತು.

ದೋಣಿ ದಂಡೆ ತಾಕಿತು.

"ನನ್ನ ಬೋಗಾಣಿ ಕೊಡು."

ವಿದ್ಯಾವತಿ ಕೊಟ್ಟಳು. ಇಂದುಬಾಯಿ ಅದನ್ನು ತಿರುವಿ ತಿರುವಿ ನೋಡಿದಳು. ಹೆಸರು ಇತ್ತು. ಹೆಸರಿನ ಕೆಳಗೆ ತಗ್ಗೂ ಇತ್ತು.

"ಇದ ನೋಡು ತಗ್ಗು. ಅವತ್ತ ಹೇಳಿದ್ನಿ ಬಡೀಬ್ಯಾಡ ಅಂತ."

"ನೀವು ಹೇಳಬೇಕಾದದ್ದು ಒಂದ ಮಾತಿತ್ತು. ಅದನ್ನ ಬ್ಯಾಸಗ್ಯಾಗ ಹೇಳಿದ್ರ ಬೋಗಾಣಿ ತಂಟೆಕ ನಾ ಯಾಕ ಬರ್ತಿದ್ನಿ?"

"ಸಾಲಿ ಕಲಸಾಕ ಹತ್ತಿದ ಮ್ಯಾಲ ನಾಲಿಗಿ ಇನ್ನಷ್ಟು ಉದ್ದ ಆಗೇತಿ!"

"ಮೊದಲ ಇಷ್ಟ ಇತ್ರಿ. ಮನ್ಯಾಗ ಹೊರಗ ತಗಿಯಾಕ ಜಾಗ ಇದ್ದಿದ್ದಿಲ್ಲ."

"ಕೂಸಿನ ಮಾರಿ ನೋಡು, ಹೆಂಗ ಬತ್ತೇತಿ. ಏನು ಹಾಕ್ತೀ ಉಣ್ಣಾಕ?"

"ರೊಟ್ಟಿ. ಹೊತ್ತಿಸಿದ್ದು."

"ಹಾಂ, ಗೊತ್ತೈತಿ ನಿನ್ನ ರೊಟ್ಟಿ..."

ಟೆಂಪೋ ಒಮ್ಮೆ ಹಾರ್ನು ಹೊಡೆಯಿತು. ಇಂದುಬಾಯಿ ಕೈ ಎತ್ತಿ ತಡೆದಳು. ಮಾತು ರೊಟ್ಟಿಯಿಂದ ಹಿಟ್ಟಿಗೆ, ಹಿಟ್ಟಿನಿಂದ ಹತ್ತು ವರ್ಷದ ಹಿಂದಿನ ಸೀಮಂತದ ಸೀರೆಗೆ ಹೋಯಿತು. ಗುರಪ್ಪ ಗಳ ಊರಿ ದೋಣಿಯನ್ನು ಹಿಡಿದು ನಿಂತೇ ಇದ್ದ. ಎರಡನೆಯ ಸಲ ಹಾರ್ನು ಆಯಿತು.

"ಬಾಯಾರ! ಲೋಡ್ ಐತ್ರಿ ನನಗ!" ಎಂದು ಕೂಗಿದ ಬಾಬುಲಾಲ.

"ಹಂಗಾರ ನಡಿ ನೀ!" ಎಂದಳು ಇಂದುಬಾಯಿ, ತಿರುಗಿ ನೋಡದೆ. "ಮಾತು ಮುಗಿದಿಲ್ಲಿನ್ನಾ."

"ನಿಂತ ಮಾತಾಡ್ತೀಯೇನು, ಕಾಲು ನೋಯ್ತಾವು ಅಂತೀ" ಎಂದ ಗುರಪ್ಪ. "ಮಲಿಕಸಾಬಗ ಆಚೆಯಿಂದ ಮೀನಿನ ಬಲಿ ತರಬೇಕಾಗೇತಿ, ತಿರುಗಿ ಹೊಂಟೇನಿ. ಹತ್ತೂದಿದ್ರ ಹತ್ತು."

ಇಂದುಬಾಯಿ ಹತ್ತಿದಳು. ಕೈಹಿಡಿಯಲು ಚಾಚಿದ ಸೊಸೆಯ ಕೈಯನ್ನು ಬಿಟ್ಟು ದೋಣಿಯ ಅಂಚನ್ನೇ ಹಿಡಿದಳು. ಎದುರು ಹಲಗೆಯ ಮೇಲೆ ಕೂತು, ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಉಪ್ಪಿನಕಾಯಿಯ ಭರಣಿಯನ್ನು ಕಾಲಸಂದಿಗೆ ಇರಿಸಿದಳು. ಐದು ಕಿಲೋದ ಭರಣಿ. ದೋಣಿ ದಂಡೆ ಬಿಟ್ಟಿತು. ನೀರು ಆಳವಾದ ಮೇಲೆ ಅವಳು ಬಗ್ಗಿ, ತಳದ ಹಲಗೆಗಳ ಸಂದಿನಲ್ಲಿ ಬೆರಳಾಡಿಸಿ ನೋಡಿದಳು. ಒಂದು ಸಂದು, ಎರಡು ಸಂದು, ಎಂಜಿನ್ನಿನ ಬೋಲ್ಟು ಇದ್ದ ಜಾಗ. ಬೆರಳು ಒಣಗಿಯೇ ಬಂತು.

ಅದನ್ನು ಸೆರಗಿಗೆ ಒರೆಸಿಕೊಂಡಳು, ಒರೆಸುವಂಥದ್ದೇನೂ ಇರದಿದ್ದರೂ.

"ಹೂಂ" ಎಂದಳು ಸೊಸೆಯ ಕಡೆ ನೋಡಿ. "ಎಲ್ಲಿಗೆ ಬಂದಿತ್ತು ಮಾತು?"

"ಸೀಮಂತದ ಸೀರಿಗೆ ಬಂದಿತ್ರಿ."

"ಹಾಂ. ಅದು ಕೊಡಿಸಿದ್ದು ಯಾರು? ಹೇಳು."